ಫೀಸಿಲ್ಲದ ದಾರಿಗಳು ಹಲವು: ನಿಮ್ಮ ಕೇಸಿಗೆ ಯಾವುದು?

"ಸರ್ಕಾರದಿಂದ ಫ್ರೀ ವಕೀಲರು ಸಿಗ್ತಾರಂತೆ, ನಂಬಬಹುದಾ?" "ಸಾಲ ಮಾಡಿಯಾದರೂ ನಾವೇ ಒಬ್ಬರನ್ನ ಇಟ್ಕೊಳ್ಳೋದು ಒಳ್ಳೇದಾ?" "ಲೋಕ ಅದಾಲತ್‌ಗೆ ಹಾಕಿದ್ರೆ ಬೇಗ ಮುಗಿಯುತ್ತಂತೆ?" ನನಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳುವವರು ಆಟೊ ಓಡಿಸುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಗೆಲಸ ಮಾಡುವವರು, ಒಂದೆರಡು ಎಕರೆ ಇಟ್ಟುಕೊಂಡ ರೈತರು. ಪ್ರಶ್ನೆ ಒಂದೇ ಆದರೂ ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಕೇಸಿನ ಖರ್ಚು ಅಂದರೆ ವಕೀಲರ ಫೀಸು ಅಂತ ನಾವು ಅಂದುಕೊಂಡಿರುತ್ತೇವೆ. ದಿನಗೂಲಿಯವರಿಗೆ ಅದಕ್ಕಿಂತ ಭಾರವಾಗುವುದು ವಾಯಿದೆಗಳು. ಒಂದು ವಾಯಿದೆ ಅಂದರೆ ಒಂದು ದಿನದ ಕೂಲಿ ಹೋಯಿತು. ಬೆಳಗ್ಗೆ ಹೋಗಿ ಕಾರಿಡಾರಿನಲ್ಲಿ ನಿಂತು, ಹೆಸರು ಕೂಗುವುದನ್ನೇ ಕಾದು, ಕೊನೆಗೆ ಮುಂದಿನ ತಾರೀಕು ಬರೆದುಕೊಂಡು ಬರಬೇಕು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿಯಿತು, ಕೂಲಿ ಉಳಿಯಲಿಲ್ಲ. ಅದಕ್ಕೇ ಇಲ್ಲಿ ಫೀಸಿನ ಜೊತೆಗೆ ನಿಮ್ಮ ದಿನಗಳನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ.

ದಾರಿ ಹಿಡಿಯುವ ಮೊದಲು

ಮೊದಲು ತಾರೀಕು ನೋಡಿಕೊಳ್ಳಿ. ಸಿವಿಲ್ ಕೇಸಿನ ಸಮನ್ಸ್ ಬಂದಿದ್ದರೆ ಉತ್ತರ ಸಲ್ಲಿಸಲು 30 ದಿನ. ಕೋರ್ಟ್ ಒಪ್ಪಿದರೆ 90 ದಿನದವರೆಗೆ ಹೋಗಬಹುದು. ಚೆಕ್ ಬೌನ್ಸ್ ನೋಟಿಸ್ ಕೈಗೆ ಬಂದಿದ್ದರೆ ದುಡ್ಡು ಕಟ್ಟಲು 15 ದಿನ. ಗ್ರಾಹಕರ ದೂರಿಗೆ 2 ವರ್ಷ. ರಸ್ತೆ ಅಪಘಾತದ ಪರಿಹಾರದ ಅರ್ಜಿಗೆ ಈಗಿನ ಕಾಯ್ದೆಯಲ್ಲಿ 6 ತಿಂಗಳು. ನೋಟಿಸ್ ತಗೊಳ್ಳದೆ ವಾಪಸ್ ಕಳಿಸಿದರೆ ಕೇಸು ನಿಂತುಹೋಗುತ್ತದೆ ಅಂತ ನಂಬಿದವರು ಇನ್ನೂ ಇದ್ದಾರೆ. ನಿಲ್ಲುವುದಿಲ್ಲ. ನೀವಿಲ್ಲದೆಯೇ ನಡೆದು ಎಕ್ಸ್‌ಪಾರ್ಟಿ ಆಗುತ್ತದೆ.

ಎರಡನೆಯದು, ನಿಮಗೆ ಬೇಕಾಗಿರುವುದು ಏನು? ಬರಬೇಕಾದ ದುಡ್ಡಾ, ಜೈಲಿನಿಂದ ಬಿಡುಗಡೆಯಾ, ಹೊಡೆತದಿಂದ ರಕ್ಷಣೆಯಾ, ಜಮೀನಿನಲ್ಲಿ ಪಾಲಾ? ದುಡ್ಡಿನ ಜಗಳಕ್ಕೆ ರಾಜಿ ಒಗ್ಗುತ್ತದೆ. ಹೊಡೆತಕ್ಕೆ ರಾಜಿ ಒಗ್ಗುವುದಿಲ್ಲ.

ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ: ಸೋತರೆ ಮೇಲೆ ಹೋಗಲು ದಾರಿ ಇದೆಯಾ? ಬೇಗ ಮುಗಿಯುವ ಕೆಲವು ಕಡೆ ಅಪೀಲು ಇರುವುದಿಲ್ಲ. ಬೇಗ ಮುಗಿಯುವುದಕ್ಕೆ ಒಂದು ಕಾರಣ ಅದೇ.

ಕೊನೆಯದು ಅರ್ಹತೆ. ಇದರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಉಚಿತ ವಕೀಲರು ಯಾರಿಗೆ?

ಬಡವರಿಗೂ ನ್ಯಾಯ ಸಿಗುವಂತೆ ಉಚಿತ ಕಾನೂನು ನೆರವು ಕೊಡಬೇಕು ಅನ್ನುವ 39ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ. ಅದಕ್ಕಾಗಿ ಮಾಡಿದ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದ್ದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮಿನಲ್ಲಿ ಯಾರಿಗೆ ಉಚಿತ ವಕೀಲರು ಅನ್ನುವ ಪಟ್ಟಿ ಇದೆ.

ಎಲ್ಲರೂ ಅಂದುಕೊಂಡಂತೆ ಅದು ಬರೀ ಬಿಪಿಎಲ್ ಕಾರ್ಡಿನವರ ಪಟ್ಟಿ ಅಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಮಾನವ ಸಾಗಣೆಗೆ ಅಥವಾ ಬಿಟ್ಟಿ ಚಾಕರಿಗೆ ಸಿಕ್ಕಿಬಿದ್ದವರು, ನೆರೆ, ಬರ, ಭೂಕಂಪ, ಜಾತಿ ದೌರ್ಜನ್ಯಗಳಿಗೆ ತುತ್ತಾದವರು: ಇವರ ಆದಾಯ ಎಷ್ಟಿದ್ದರೂ ಅರ್ಹರೇ. ಗಂಡನಿಗೆ ಒಳ್ಳೆ ಸಂಬಳ ಇದೆ ಅಂತ ಹೆಂಡತಿಯನ್ನು ವಾಪಸ್ ಕಳಿಸುವಂತಿಲ್ಲ.

ಈ ಗುಂಪುಗಳಿಗೆ ಸೇರದವರಿಗೆ ಮಾತ್ರ ಆದಾಯದ ಮಿತಿ. ಕರ್ನಾಟಕದಲ್ಲಿ ಅದು ವರ್ಷಕ್ಕೆ 3 ಲಕ್ಷ ರೂಪಾಯಿ, ಸುಪ್ರೀಂ ಕೋರ್ಟಿನ ಕೇಸಿಗಾದರೆ 5 ಲಕ್ಷ. ತಿಂಗಳಿಗೆ 24 ಸಾವಿರ ದುಡಿಯುವ ಸೆಕ್ಯುರಿಟಿ ಗಾರ್ಡ್ ಒಳಗೆ, 26 ಸಾವಿರದವನು ಹೊರಗೆ. ಗೆರೆ ಎಳೆದರೆ ಹೀಗೆಯೇ ಅಲ್ವಾ. ಹೊರಗುಳಿದವರು ಇಲ್ಲಿಗೇ ಓದುವುದನ್ನು ನಿಲ್ಲಿಸಬೇಡಿ. ಮುಂದೆ ಬರುವ ದಾರಿಗಳಲ್ಲಿ ಹಲವಕ್ಕೆ ಆದಾಯದ ಮಿತಿಯೇ ಇಲ್ಲ.

ಇನ್ನೊಂದು ವಿಷಯ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆದು ಅಷ್ಟರಲ್ಲಿ ತಾರೀಕು ಕಳೆದುಕೊಳ್ಳಬೇಡಿ. ಅರ್ಜಿದಾರರು ಕೊಡುವ ಅಫಿಡವಿಟ್ಟನ್ನೇ ಸಾಕೆಂದು ತೆಗೆದುಕೊಳ್ಳಬಹುದು ಅಂತ ಅದೇ ಕಾಯ್ದೆಯ 13ನೇ ಕಲಮು ಹೇಳುತ್ತದೆ, ಅದನ್ನು ನಂಬದಿರಲು ಕಾರಣ ಇಲ್ಲದಿದ್ದರೆ.

ಬರೀ ಸಲಹೆ ಸಾಕಾ?

15100ಕ್ಕೆ ಫೋನ್ ಮಾಡಬಹುದು, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಸಿಎಸ್‌ಸಿ ಅಂದರೆ ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ, ಫೋನ್ ಅಥವಾ ವಿಡಿಯೊದಲ್ಲಿ ಸಲಹೆ ಕೊಡುವ ಟೆಲಿ-ಲಾದಲ್ಲಿ ವಕೀಲರ ಜೊತೆ ಮಾತಾಡಬಹುದು. ಲಾ ಕಾಲೇಜುಗಳಲ್ಲಿ ಕಾನೂನು ನೆರವು ಕೇಂದ್ರಗಳಿವೆ. ಇವುಗಳ ಮಿತಿ ಒಂದೇ: ಯಾರೂ ನಿಮ್ಮ ಪರ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮನೆ ಮಾಲೀಕ ಅಡ್ವಾನ್ಸ್ ಕೊಡುತ್ತಿಲ್ಲ, ಬಂದ ನೋಟಿಸಿನಲ್ಲಿ ಏನಿದೆ ಅಂತಲೇ ಅರ್ಥವಾಗುತ್ತಿಲ್ಲ, ಇಂಥದ್ದಕ್ಕೆ ಅರ್ಧ ಗಂಟೆ ಮಾತಾಡಿದರೆ ಸಾಕಾಗಬಹುದು. ಕೋರ್ಟಿನ ತಾರೀಕು ಆಗಲೇ ಬಿದ್ದಿದ್ದರೆ ಸಲಹೆ ಕೇಳುತ್ತಾ ಕೂರಬೇಡಿ, ನೇರ ಮುಂದಿನದಕ್ಕೆ ಹೋಗಿ.

ಪ್ಯಾನಲ್ ವಕೀಲರು

ಉಚಿತವಾಗಿ ಕೇಸು ನಡೆಸಲು ಪ್ರಾಧಿಕಾರ ತನ್ನ ಪಟ್ಟಿಯಲ್ಲಿ ಇಟ್ಟುಕೊಂಡ ವಕೀಲರೇ ಪ್ಯಾನಲ್ ವಕೀಲರು. ಜಿಲ್ಲಾ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ, ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ. ಹೈಕೋರ್ಟಿಗೆ ಬೇರೆ ಸಮಿತಿ ಇದೆ. ಅರ್ಜಿ ಬಿಳಿ ಹಾಳೆಯಲ್ಲಿ ಬರೆದರೂ ಆಗುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿನವರು ಬರೆದುಕೊಳ್ಳಬೇಕು. ಅರ್ಜಿ ಕೊಟ್ಟ 7 ದಿನದೊಳಗೆ ತೀರ್ಮಾನ ಆಗಬೇಕು ಅನ್ನುವುದು ನಿಯಮ. ಆಗುವುದಿಲ್ಲ ಅಂದರೆ ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಕೊಡಬಹುದು. ಜಿಲ್ಲೆಯಲ್ಲಿ ಆ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರೇ.

ಅನುಕೂಲ ದೊಡ್ಡದು. ವಕೀಲರ ಫೀಸಷ್ಟೇ ಅಲ್ಲ, ಕೋರ್ಟ್ ಶುಲ್ಕ, ನೋಟಿಸ್ ಜಾರಿಯ ಖರ್ಚು, ದಾಖಲೆಗಳ ನಕಲಿನ ಖರ್ಚು ಎಲ್ಲ ಅದರಲ್ಲೇ ಬರುತ್ತವೆ. ವಕೀಲರಿಗೆ ನೀವು ಒಂದು ರೂಪಾಯಿ ಕೊಡಬೇಕಿಲ್ಲ. "ಟೈಪಿಂಗ್‌ಗೆ ಸ್ವಲ್ಪ ಕೊಡಿ" ಅಂತ ಕೇಳಿದರೂ ಕೊಡಬೇಡಿ, ಪ್ರಾಧಿಕಾರಕ್ಕೆ ಬರೆದು ತಿಳಿಸಿ.

ತೊಂದರೆಯನ್ನೂ ಮುಚ್ಚಿಡುವುದಿಲ್ಲ. ಪ್ಯಾನಲ್‌ನಲ್ಲಿ ಇರುವವರಿಗೆ ತಮ್ಮದೇ ಖಾಸಗಿ ಕೇಸುಗಳೂ ಇರುತ್ತವೆ. ಪ್ರಾಧಿಕಾರ ಕೊಡುವ ಸಂಭಾವನೆ ಕಮ್ಮಿ. ಹಾಗಾಗಿ ಕೆಲವರು ಮನಸ್ಸಿಟ್ಟು ನಡೆಸುತ್ತಾರೆ, ಕೆಲವರು ಫೋನೇ ಎತ್ತುವುದಿಲ್ಲ. ನನಗೆ ಗೊತ್ತಿರುವ ಟೈಲರಿಂಗ್ ಮಾಡುವ ಅಕ್ಕ ಒಬ್ಬರಿದ್ದಾರೆ. ಅವರ ಜೀವನಾಂಶದ ಕೇಸಿಗೆ ಮೊದಲು ಕೊಟ್ಟ ವಕೀಲರು ಮೂರು ವಾಯಿದೆಗೆ ಬರಲೇ ಇಲ್ಲ. "ಫ್ರೀ ಅಲ್ವಾ, ಕೇಳೋಕೆ ನಾಚಿಕೆ" ಅಂತ ಅಕ್ಕ ಸುಮ್ನೆ ಇದ್ದರು. ನಾವು ಕೂತು ಮೂರೂ ತಾರೀಕು ಬರೆದು, ವಕೀಲರನ್ನು ಬದಲಿಸಿಕೊಡಿ ಅಂತ ನಾಲ್ಕು ಸಾಲಿನ ಅರ್ಜಿ ಕೊಟ್ಟೆವು. ಬದಲಿಸಿಕೊಟ್ಟರು. ಎರಡನೆಯವರು ಪ್ರತಿ ವಾಯಿದೆಯ ಹಿಂದಿನ ಸಂಜೆ ತಾವೇ ಫೋನ್ ಮಾಡುತ್ತಿದ್ದರು. ಕಾನೂನು ಕೊಟ್ಟ ಹಕ್ಕನ್ನು ಕೇಳುವುದರಲ್ಲಿ ನಾಚಿಕೆ ಏನಿದೆ?

ಎರಡು ದೋಣಿಯಲ್ಲಿ ಕಾಲಿಡಬೇಡಿ. ಪ್ಯಾನಲ್ ವಕೀಲರು ಇರುವಾಗಲೇ ಗುಟ್ಟಾಗಿ ಇನ್ನೊಬ್ಬರನ್ನು ನೇಮಿಸಿಕೊಂಡರೆ ಕೊಟ್ಟ ನೆರವನ್ನು ವಾಪಸ್ ಪಡೆಯಬಹುದು.

ಮನೆಯವರು ಬಂಧನದಲ್ಲಿದ್ದರೆ

ಇದರಲ್ಲಿ ಹೋಲಿಕೆ ಮಾಡುತ್ತಾ ಕೂರಲು ಸಮಯ ಇರುವುದಿಲ್ಲ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಆ ಮೊದಲ ದಿನದಿಂದಲೇ ಉಚಿತ ವಕೀಲರು ಸಿಗಬೇಕು. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ವಿಷಯ ಬಂದಾಗ, ಬಡ ಆರೋಪಿಗೆ ವಕೀಲರನ್ನು ಕೊಡುವುದು 21ನೇ ವಿಧಿ ಕೊಡುವ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆರೋಪಿ ಬಾಯಿಬಿಟ್ಟು ಕೇಳಲಿಲ್ಲ ಅನ್ನುವ ಕಾರಣಕ್ಕೆ ಈ ಹಕ್ಕು ತಪ್ಪುವುದಿಲ್ಲ ಅಂತ 1986ರ ಸುಕ್ ದಾಸ್ ಪ್ರಕರಣದಲ್ಲಿ ಇನ್ನೂ ಬಿಗಿ ಮಾಡಿತು.

2022ರ ಯೋಜನೆಯಲ್ಲಿ ಆರೋಪಿಗಳ ಪರ ಪೂರ್ಣಾವಧಿ ಕೆಲಸ ಮಾಡುವ ವಕೀಲರ ಕಚೇರಿಗಳು ಜಿಲ್ಲೆಗಳಲ್ಲಿ ಶುರುವಾಗಿವೆ. ಕಾನೂನು ನೆರವು ಅಭಿರಕ್ಷಕರು ಅನ್ನುತ್ತಾರೆ. ಇವರು ಖಾಸಗಿ ಕೇಸು ತೆಗೆದುಕೊಳ್ಳುವಂತಿಲ್ಲ. ಪ್ಯಾನಲ್ ವಕೀಲರ ಮೇಲೆ ಇರುವ ದೊಡ್ಡ ದೂರು ಇಲ್ಲಿ ಇರುವುದಿಲ್ಲ. ಹಾಗಾಗಿ ಕ್ರಿಮಿನಲ್ ಕೇಸಿನಲ್ಲಿ ಒಡವೆ ಅಡವಿಟ್ಟು ಖಾಸಗಿ ವಕೀಲರ ಕಡೆ ಓಡುವ ಮೊದಲು ಇವರನ್ನು ಒಮ್ಮೆ ನೋಡಿ ಅನ್ನುವುದು ನನ್ನ ಮಾತು. ಆದರೆ ಇವರು ಆರೋಪಿಗಳ ಪರ ಮಾತ್ರ. ದೂರು ಕೊಟ್ಟವರ ಕೇಸನ್ನು ಸರ್ಕಾರಿ ಅಭಿಯೋಜಕರು ನಡೆಸುತ್ತಾರೆ. ಅವರಿಗೆ ನೆರವಾಗಲು ನಿಮ್ಮದೇ ವಕೀಲರು ಬೇಕು ಅನಿಸಿದರೆ ಪ್ಯಾನಲ್‌ನಿಂದ ಕೇಳಿ.

ಜಾಮೀನು ಸಿಗುವ ಸಣ್ಣ ಅಪರಾಧದಲ್ಲಿ ಶ್ಯೂರಿಟಿ ಕೊಡುವವರೇ ಇಲ್ಲದೆ ಒಂದು ವಾರ ಕಳೆದರೆ, ಆ ವ್ಯಕ್ತಿ ನಿರ್ಗತಿಕ ಅಂತಲೇ ತಿಳಿದು ಬರೀ ಬಾಂಡಿನ ಮೇಲೆ ಬಿಡಬೇಕು. ವಕೀಲರಿಗೆ ಇದನ್ನು ನೆನಪಿಸಿ.

ಲೋಕ ಅದಾಲತ್

ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲ, ಅದಕ್ಕೆ ಹೆದರಿದವರೆಲ್ಲ ಬರುವ ಜಾಗ ಇದು. ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುತ್ತಾರೆ. ಆದಾಯದ ಮಿತಿ ಇಲ್ಲ. ಶುಲ್ಕ ಇಲ್ಲ. ಕೋರ್ಟಿನಲ್ಲಿದ್ದ ಕೇಸು ಇಲ್ಲಿ ರಾಜಿಯಾದರೆ ಮೊದಲು ಕಟ್ಟಿದ್ದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ಅಪಘಾತ ಪರಿಹಾರ, ಚೆಕ್ ಬೌನ್ಸ್, ಬ್ಯಾಂಕ್ ಸಾಲ, ಪಾಲುಪಾರಿಕತ್ತು, ಇಂಥವು ಹೆಚ್ಚಾಗಿ ಬರುತ್ತವೆ. ಕೋರ್ಟಿಗೆ ಹೋಗುವ ಮೊದಲೇ ಜಗಳವನ್ನು ಇಲ್ಲಿಗೆ ತರಬಹುದು. ರಾಜಿ ಮಾಡಿಕೊಳ್ಳಲು ಕಾನೂನು ಬಿಡದ ಅಪರಾಧಗಳು ಮಾತ್ರ ಇಲ್ಲಿ ಬರುವುದಿಲ್ಲ.

ಇಲ್ಲಿ ಆಗುವ ತೀರ್ಮಾನಕ್ಕೆ ಸಿವಿಲ್ ಕೋರ್ಟ್ ಡಿಕ್ರಿಯ ಬೆಲೆ ಇದೆ, ಮತ್ತು ಅದೇ ಕೊನೆ. ಅಪೀಲು ಇಲ್ಲ. "ಅವತ್ತು ಎಲ್ಲರೂ ಒಪ್ಪು ಒಪ್ಪು ಅಂದರು, ಸಹಿ ಹಾಕಿಬಿಟ್ಟೆ" ಅಂತ ಆಮೇಲೆ ಅಂದರೆ ಕೇಳುವವರು ಇಲ್ಲ. ಹಾಗಾಗಿ ಹೋಗುವ ಹಿಂದಿನ ರಾತ್ರಿಯೇ ಒಂದು ಮೊತ್ತ ಗಟ್ಟಿ ಮಾಡಿಕೊಳ್ಳಿ: ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅವರು ಅದಕ್ಕೆ ಬರದಿದ್ದರೆ ಎದ್ದು ಬನ್ನಿ. ಒಪ್ಪದಿದ್ದರೆ ನಿಮಗೆ ನಷ್ಟ ಏನೂ ಇಲ್ಲ, ಕೇಸು ಇದ್ದ ಕೋರ್ಟಿಗೇ ವಾಪಸ್ ಹೋಗುತ್ತದೆ.

ಎಷ್ಟು ಇಳಿಯಬಹುದು? ನನ್ನ ಲೆಕ್ಕ ಹೀಗಿದೆ. ಕೇಸು ಮುಂದುವರಿದರೆ ಇನ್ನೂ ಎಷ್ಟು ವಾಯಿದೆ ಆಗಬಹುದು ಅಂತ ನಿಮ್ಮ ವಕೀಲರನ್ನು ಕೇಳಿ. ಅದನ್ನು ನಿಮ್ಮ ದಿನದ ಕೂಲಿಯಿಂದ ಗುಣಿಸಿ. ಅಷ್ಟು ಬಿಟ್ಟುಕೊಟ್ಟರೆ ನಿಮಗೆ ನಷ್ಟ ಆಗಲಿಲ್ಲ ಅಂತ ಅರ್ಥ. ಅದಕ್ಕಿಂತ ಜಾಸ್ತಿ ಬಿಡಿ ಅಂದರೆ ಯೋಚಿಸಿ. ಕಂತಿನಲ್ಲಿ ಕೊಡುತ್ತೇವೆ ಅಂದರೆ, ಒಂದು ಕಂತು ತಪ್ಪಿದರೂ ಪೂರ್ತಿ ಬಾಕಿಯನ್ನು ಒಂದೇ ಸಲ ಕೊಡಬೇಕು ಅನ್ನುವ ಸಾಲನ್ನು ರಾಜಿ ಪತ್ರದಲ್ಲಿ ಬರೆಸಿ. ಓದಿಸಿ ಕೇಳಿಸಿಕೊಂಡೇ ಸಹಿ ಹಾಕಿ.

ಖಾಯಂ ಲೋಕ ಅದಾಲತ್ತಾ, ಗ್ರಾಹಕರ ಆಯೋಗವಾ?

ಹೆಸರು ಒಂದೇ ತರ ಇದ್ದರೂ ಖಾಯಂ ಲೋಕ ಅದಾಲತ್ ಬೇರೆಯೇ ಸಂಸ್ಥೆ. ಕಾಯ್ದೆಗೆ 2002ರಲ್ಲಿ ಸೇರಿದ್ದು. ಸಾರಿಗೆ, ಅಂಚೆ, ಫೋನ್, ಕರೆಂಟು, ನೀರು, ಆಸ್ಪತ್ರೆ, ವಿಮೆ ಇಂಥ ಸಾರ್ವಜನಿಕ ಸೇವೆಗಳ ಜಗಳಕ್ಕೆ ಅಂತಲೇ ಇದೆ. 1 ಕೋಟಿ ರೂಪಾಯಿವರೆಗಿನ ವಿಷಯ ತರಬಹುದು, ಶುಲ್ಕ ಇಲ್ಲ. ಮೊದಲು ರಾಜಿಗೆ ಪ್ರಯತ್ನಿಸುತ್ತಾರೆ. ಆಗಲಿಲ್ಲ ಅಂದರೆ ಅವರೇ ತೀರ್ಪು ಕೊಡಬಹುದು, ಅಪರಾಧದ ವಿಷಯ ಆಗಿರಬಾರದು ಅಷ್ಟೇ. ಮಾಮೂಲಿ ಲೋಕ ಅದಾಲತ್‌ಗೆ ಈ ಅಧಿಕಾರ ಇಲ್ಲ. ಎದುರಿನವರು ಬಾರದಿದ್ದರೂ ರಾಜಿಯ ಹಂತವನ್ನು ದಾಟಿ ಹಾರುವಂತಿಲ್ಲ ಅಂತ 2022ರಲ್ಲಿ, ಕರ್ನಾಟಕದ್ದೇ ಬ್ಯಾಂಕ್ ಸಾಲದ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೇಸಿನಲ್ಲಿ ಖಾಯಂ ಅದಾಲತ್‌ಗೆ ಹೋದದ್ದು ಸಾಲಗಾರರಲ್ಲ, ಬ್ಯಾಂಕು. ಅಂದರೆ ನಿಮ್ಮನ್ನೂ ಅಲ್ಲಿಗೆ ಎಳೆಯಬಹುದು. ನೋಟಿಸ್ ಬಂದರೆ ಹೋಗಿ.

ಗ್ರಾಹಕರ ಆಯೋಗದ ಈಗಿನ ಕಾಯ್ದೆ 2019ರದ್ದು, ಜಾರಿಯಾದದ್ದು 2020ರ ಜುಲೈನಲ್ಲಿ. ನೀವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ನೀವು ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಮುಂಬೈಯಲ್ಲಿದ್ದರೂ ಪರವಾಗಿಲ್ಲ. ವಕೀಲರು ಕಡ್ಡಾಯ ಅಲ್ಲ. ಅದಕ್ಕೂ ಮೊದಲು 1915 ಸಹಾಯವಾಣಿಗೆ ಫೋನ್ ಮಾಡಿ ನೋಡಿ, ಕೆಲವು ಸಲ ಅಲ್ಲೇ ಬಗೆಹರಿಯುತ್ತದೆ.

ವಿಮೆ ಕಂಪನಿ ಕ್ಲೈಮ್ ಕೊಡಲಿಲ್ಲ ಅನ್ನಿ. ಎರಡೂ ಕಡೆ ಹೋಗಬಹುದು, ಆದರೆ ಒಂದನ್ನೇ ಆರಿಸಬೇಕು. ಖಾಯಂ ಅದಾಲತ್‌ಗೆ ಅರ್ಜಿ ಹಾಕಿದ ಮೇಲೆ ಅದೇ ಜಗಳವನ್ನು ಬೇರೆ ಕೋರ್ಟಿಗೆ ಒಯ್ಯುವಂತಿಲ್ಲ. ಅಲ್ಲಿನ ತೀರ್ಪಿಗೆ ಅಪೀಲೂ ಇಲ್ಲ. ಗ್ರಾಹಕರ ಆಯೋಗದಲ್ಲಿ ಸೋತರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಹೋಗಬಹುದು, ಆದರೆ ಕಂಪನಿಯೂ ಹಾಗೆಯೇ ಹೋಗಿ ಎಳೆಯಬಹುದು. ಮೊತ್ತ ಸಣ್ಣದು, ಕಾಗದಪತ್ರ ಗಟ್ಟಿ, ಬೇಗ ಮುಗಿಯಬೇಕು ಅನ್ನುವವರಿಗೆ ಖಾಯಂ ಅದಾಲತ್. ಮೊತ್ತ ದೊಡ್ಡದು ಅಥವಾ ಆಸ್ಪತ್ರೆಯ ತಪ್ಪಿನಂಥ ತಜ್ಞರ ಮಾತು ಬೇಕಾಗುವ ವಿಷಯ ಆದರೆ ನಾನು ಆಯೋಗಕ್ಕೇ ಹೋಗಿ ಅನ್ನುತ್ತೇನೆ. ಖಾಯಂ ಅದಾಲತ್ ಎಲ್ಲ ಊರಿನಲ್ಲಿ ಇಲ್ಲ, ದೊಡ್ಡ ಊರುಗಳಲ್ಲಿ ಮಾತ್ರ. ಬಸ್ಸಿನ ದೂರವನ್ನೂ ಲೆಕ್ಕ ಹಾಕಿ. ಕೊಂಡ ಸಾಮಾನು ಕೆಟ್ಟದ್ದು ಅನ್ನುವ ಜಗಳಕ್ಕಂತೂ ಈ ಎರಡರಲ್ಲಿ ಆಯೋಗ ಒಂದೇ ದಾರಿ.

ಮನೆಯೊಳಗಿನ ವಿಷಯಗಳು

ಹೊಡೆತ, ಹಿಂಸೆ, ಮನೆಯಿಂದ ಹೊರಗೆ ಹಾಕುವುದು: ಇದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು. ಅಂಗನವಾಡಿ ಟೀಚರನ್ನು ಕೇಳಿದರೆ ಆ ಕಚೇರಿ ಎಲ್ಲಿದೆ ಅಂತ ಹೇಳುತ್ತಾರೆ. ಅರ್ಜಿ ಬರೆದು ಕೋರ್ಟಿಗೆ ತಲುಪಿಸುವುದು ಅವರ ಕೆಲಸ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಇಡಬೇಕು ಅಂತ ಕಾಯ್ದೆ ಹೇಳುತ್ತದೆ. ಅಂದಿನ ಮಟ್ಟಿಗೆ ತುರ್ತು ಸಹಾಯ ಬೇಕಾದರೆ 181. ಬರೀ ಜೀವನಾಂಶ ಬೇಕು, ರಕ್ಷಣೆಯ ಪ್ರಶ್ನೆ ಇಲ್ಲ ಅನ್ನುವವರು ಪ್ಯಾನಲ್ ವಕೀಲರ ಮೂಲಕ ನೇರ ಜೀವನಾಂಶದ ಅರ್ಜಿ ಹಾಕಬಹುದು. ಹಿಂಸೆ ನಡೆಯುತ್ತಿರುವಾಗ "ಮೊದಲು ರಾಜಿ ಪಂಚಾಯ್ತಿ ಮಾಡೋಣ" ಅನ್ನುವವರ ಮಾತು ಕೇಳಬೇಡಿ.

ಮಕ್ಕಳು ನೋಡಿಕೊಳ್ಳದ ಹಿರಿಯರಿಗೆ 2007ರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿ ಅಂದರೆ ಎಸಿ ಕಚೇರಿಯಲ್ಲೇ ನ್ಯಾಯಮಂಡಳಿ ಇದೆ. ವಕೀಲರಿಲ್ಲದೆ ನಡೆಸಬೇಕು ಅನ್ನುವುದೇ ಆ ಕಾಯ್ದೆಯ ಉದ್ದೇಶ. ನೋಡಿಕೊಳ್ಳುತ್ತಾರೆ ಅನ್ನುವ ಷರತ್ತಿನ ಮೇಲೆ ಮನೆ ಬರೆದುಕೊಟ್ಟು ಮೋಸಹೋದವರು ಆ ದಾನಪತ್ರವನ್ನು ರದ್ದು ಮಾಡಿಸಿಕೊಳ್ಳಲೂ ಇಲ್ಲಿ ಕೇಳಬಹುದು.

ದುಡ್ಡು ಕೊಟ್ಟು ವಕೀಲರನ್ನು ಇಡುವುದು ಯಾವಾಗ?

ಮೂರು ತಲೆಮಾರಿನ ಆಸ್ತಿ ಪಾಲು, ಹತ್ತಾರು ವಾರಸುದಾರರು, ಹಳೇ ಪಹಣಿಗಳ ರಾಶಿ, ಇಂಥದ್ದಕ್ಕೆ ವರ್ಷಗಟ್ಟಲೆ ಒಬ್ಬರೇ ಹಿಡಿದು ಕೂರಬೇಕು. ಆ ವಿಷಯದಲ್ಲಿ ಪಳಗಿದವರು ಪ್ಯಾನಲ್‌ನಲ್ಲಿ ಸಿಗದಿದ್ದರೆ, ಶಕ್ತಿ ಇದ್ದರೆ, ಖಾಸಗಿ ವಕೀಲರೇ ಸರಿ. ಫೀಸನ್ನು ಹಂತಹಂತವಾಗಿ ಕೊಡುವ ಮಾತಾಡಿಕೊಳ್ಳಿ, ರಸೀದಿ ಕೇಳಿ. ಅಪಘಾತದ ಕೇಸಿನಲ್ಲಿ "ಈಗೇನೂ ಬೇಡ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನುವವರು ಆಸ್ಪತ್ರೆಯ ಬಾಗಿಲಿಗೇ ಬರುತ್ತಾರೆ. ಗೆಲುವಿನ ಮೇಲೆ ಪಾಲು ಗೊತ್ತುಮಾಡಿಕೊಳ್ಳುವುದು ಬಾರ್ ಕೌನ್ಸಿಲ್ ನಿಯಮಗಳಿಗೆ ವಿರುದ್ಧ. ಕೈಯಲ್ಲಿ ದುಡ್ಡಿಲ್ಲದವರಿಗೆ ಅದು ಸುಲಭ ಅನಿಸುತ್ತದೆ ನಿಜ, ಆದರೆ ಅದೇ ಕೇಸಿಗೆ ಪ್ಯಾನಲ್ ವಕೀಲರು ಸಿಕ್ಕರೆ ಬಂದ ಪರಿಹಾರ ಪೂರ್ತಿ ನಿಮ್ಮದೇ.

ಆದಾಯ 3 ಲಕ್ಷ ದಾಟಿದ, ಆದರೆ ದೊಡ್ಡ ಕೋರ್ಟ್ ಶುಲ್ಕ ಕಟ್ಟಲಾಗದವರಿಗೂ ಒಂದು ಬಾಗಿಲಿದೆ. ಶುಲ್ಕ ಕಟ್ಟುವ ಶಕ್ತಿ ಇಲ್ಲ ಅಂತ ತೋರಿಸಿ, ಶುಲ್ಕ ಇಲ್ಲದೆ ದಾವೆ ಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಲ್ಲಿ ಅನುಮತಿ ಕೇಳಬಹುದು. ಆದರೆ ಅದನ್ನು ಸಾಬೀತು ಮಾಡಲೇ ಕೆಲವು ವಾಯಿದೆ ಬೇಕಾಗುತ್ತವೆ. ಜಗಳ ರಾಜಿಗೆ ಒಗ್ಗುವಂಥದ್ದಾದರೆ ಇಂಥವರಿಗೆ ಲೋಕ ಅದಾಲತ್ ಮೇಲು.

ನಾಳೆ ಪ್ರಾಧಿಕಾರದ ಕಚೇರಿಗೆ ಹೋಗುವುದಾದರೆ

ಆಧಾರ್, ರೇಷನ್ ಕಾರ್ಡ್, ಇದ್ದರೆ ಜಾತಿ ಪ್ರಮಾಣಪತ್ರ ಅಥವಾ ಅಂಗವಿಕಲರ ಗುರುತಿನ ಚೀಟಿ, ಕೇಸಿಗೆ ಸಂಬಂಧಪಟ್ಟ ಎಲ್ಲ ಕಾಗದ, ಪ್ರತಿಯೊಂದರ ಜೆರಾಕ್ಸ್. ಮೂಲ ಪ್ರತಿಗಳನ್ನು ತೋರಿಸಿ, ಕೊಟ್ಟುಬಿಡಬೇಡಿ. ಒಂದು ಹಾಳೆಯಲ್ಲಿ ಏನಾಯಿತು, ಯಾವ ದಿನ ಆಯಿತು ಅಂತ ಸಾಲಾಗಿ ಬರೆದುಕೊಳ್ಳಿ. ಎದುರಿಗೆ ಕೂತಾಗ ಅರ್ಧ ಮರೆತುಹೋಗುತ್ತದೆ. ಅರ್ಜಿ ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ, 7 ದಿನದ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ನೋಟಿಸ್ ಬಂದ ಕವರನ್ನೂ ಬಿಸಾಡಬೇಡಿ. ಅಂಚೆಯ ಮುದ್ರೆ ಇರುವುದು ಅದರ ಮೇಲೆ.